ಮೊದಲ ಮಾತಿಗೆ ಹಂಚಿದ ಪೇಢೆ

ಮಗಳು ಮೊದಲ ಮಾತು ಆಡಿದಳೆಂದು ಇಡೀ ಮಹಡಿಗೆ ಪೇಢೆ ಹಂಚಿದವಳು ನಾನು. ಆ ಪೇಢೆ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಹೆರಿಗೆ ರಜೆ ಮುಗಿಸಿ ಶಿವಾಜಿನಗರದ ಆಫೀಸಿಗೆ ಮತ್ತೆ ಹೋಗತೊಡಗಿದ್ದೆ. "ನೌಕರಿ ಬಿಡಬ್ಯಾಡವಾ, ಕೂಸಿನ್ನ ನಾ ನೋಡ್ಕೋತೀನಿ," ಎಂದು ಅತ್ತೆ ವಿಜಯಪುರದಿಂದ ಬಂದಿದ್ದರು. ವರ್ಷ ತುಂಬಿದರೂ ನನ್ನೆದುರು ಕೂಸಿನದು ಬರೀ ಊಂ, ಆಂ. ಅದರ ಮೊದಲ ಮಾತು ನನ್ನ ಕಿವಿಗೇ ಬೀಳಬೇಕು ಎಂಬುದೊಂದೇ ನನ್ನ ಆಸೆ. ದಿನಾ ಸಂಜೆ ಬಂದವಳೇ ಕೇಳುತ್ತಿದ್ದೆ, "ಅತ್ತಿ, ಏನರ ಅಂತೇನ್ರಿ?"

"ಇನ್ನೂ ಏನಿಲ್ಲವಾ," ಎನ್ನುತ್ತಿದ್ದರು.

ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕೂಸು ಕೈಚಾಚಿ "ಅವ್ವಾ" ಎಂದಿತು. ನಾನು ಅಲ್ಲೇ ಕುಸಿದು ಕೂತು ಅಳತೊಡಗಿದೆ. "ಅಯ್ಯ, ಮೊದಲ ನಿನ್ನನ್ನs ಕರೀತು ನೋಡವಾ!" ಎಂದು ಅತ್ತೆ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಗಂಡ ಚಪ್ಪಾಳೆ ತಟ್ಟಿದರು. ಕಂಪನಿ ನಾಟಕದವರೂ ನಾಚಬೇಕು, ಹಾಗೆ!

ಪಕ್ಕದ ಮನೆಯ ಮರಾಠಿ ಕಾಕೂ ಪೇಢೆ ಬಾಯಿಗೆ ಹಾಕಿಕೊಂಡು ನಕ್ಕರು. "ಅಗಂ, ಹೀ ತರ ಕೇವ್ಹಾಚೀ ಬೋಲತೇಯ!" ಕೂಸು ಎಂದೋ ಮಾತು ಶುರುಮಾಡಿದೆಯಂತೆ. ಅವ್ವಾ ಒಂದೇ ಅಲ್ಲ, ಬಾ, ಹಾಲು, ಕಿಟಕಿಯ ಕಾಗೆಗೆ ಕಾವೂ. ಕಾವೂ ಕಲಿಸಿದ್ದು ಈ ಕಾಕೂನೇ ಅಂತೆ!

ಉಳಿದ ಪೇಢೆ ಹಿಡಿದು ಮನೆಗೆ ಬಂದೆ. "ನಿಮಗೂ ಗೊತ್ತಿತ್ತೇನ್ರಿ?" ಎಂದು ಗಂಡನನ್ನು ಕೇಳಿದೆ.

"ಅವ್ವ ಹೇಳಬ್ಯಾಡ ಅಂದ್ಲು. ನಿನಗ ಬ್ಯಾಸರ ಆಗಬಾರದಂತ..."

ಎಲ್ಲರೂ ಸೇರಿ ನನ್ನ ಕಿವಿಗೆ ಹೂವಿಟ್ಟಿದ್ದರು. ಊರಿಗೆಲ್ಲ ಗೊತ್ತು, ಹೆತ್ತವಳೊಬ್ಬಳನ್ನು ಬಿಟ್ಟು! ಭಾನುವಾರಗಳಂದು ಚಿತ್ರದ ಪುಸ್ತಕ ಹಿಡಿದು ನಾನು "ಹಾಲು, ಹಾಲು" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಅತ್ತೆ ಸುಮ್ಮನೆ ಕೂತು ನೋಡಿದ್ದರಲ್ಲ!

"ಖರೇ ಹೇಳ್ರಿ ಅತ್ತಿ. ಮೊದಲ ಏನಂತು?"

ಅತ್ತೆ ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಆಮೇಲೆ ಅಂದರು, "ಅವ್ವಾ ಅಂತನs ಕರೀತು. ಮುಂಜಾನೆ ನೀ ಬಾಗಿಲಾ ಎಳಕೊಂಡು ಹೋದಿ. ಕೂಸು ಹಿಂದ ಬಂದು ಬಾಗಿಲಾ ಬಡಕೋತ ಕರೀತು."

ಆಗ ನಾನಿನ್ನೂ ಮೆಟ್ಟಿಲ ಮೇಲೇ ಇದ್ದಿರಬೇಕು. "ಒಂದ ಸಲ ಕೂಗಿದ್ರ ತಿರುಗಿ ಬರ್ತಿದ್ನಲ್ರಿ!" ಎಂದು ಚೀರಿದೆ.

"ಬರ್ತಿದ್ದಿ," ಎಂದರು ಅತ್ತೆ. "ಮತ್ತ ಹೋಗ್ತಿರಲಿಲ್ಲ. ಅದಕ್ಕs ಕೂಗಲಿಲ್ಲ."