ತಡೀರಿ ವಕೀಲಮ್ಮ

ನಮ್ಮ ಬೀದಿಯವರು ಅವರಿಗೆ ಇಟ್ಟಿರುವ ಹೆಸರು ತಡೀರಿ ವಕೀಲಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬಾಗಿಲ ಫಲಕದ ಮೇಲಿದೆ, ಓದುವವರಿಲ್ಲ. ಯಾರು ಯಾವ ಕಾಗದ ಹಿಡಿದು ಬಂದರೂ, ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಈಕೆ ಕೈ ಅಡ್ಡ ಹಿಡಿದು "ತಡೀರಿ" ಎನ್ನುತ್ತಾರೆ. ಸಹಿ ಹಾಕುವ ಮುಂಚೆ ತಡೀರಿ, ಪಾಲುದಾರನ ಕೈ ಕುಲುಕುವ ಮುಂಚೆ ತಡೀರಿ, ಜಗಳಕ್ಕೆ ಹೋಗುವ ಮುಂಚೆಯಂತೂ ತಡೀಲೇಬೇಕು. ಇನ್ನು ಮುಂದೆ ಸಾರಿಗೆ ಉಪ್ಪು ಹಾಕುವುದಕ್ಕೂ ವಕೀಲಮ್ಮನನ್ನು ಕೇಳಬೇಕಾದೀತು ಎಂದು ಕ್ಷೌರದಂಗಡಿಯವನು ಆಡಿಕೊಳ್ಳುತ್ತಾನೆ. ಅವನ ಅಂಗಡಿ ಉಳಿದದ್ದೂ ಆಕೆಯಿಂದಲೇ. ಹಾಗಾಗಿ ಆಡಿಕೊಳ್ಳಲಿ ಎಂದು ಬಿಟ್ಟಿದ್ದೇವೆ.

ನನ್ನದು ಗುಂಡಿ, ಜಿಪ್ಪು, ಲೇಸು, ದಾರದ ಅಂಗಡಿ. ಅದರ ಮೇಲಿನ ಕೋಣೆ ಆಕೆಯ ಕಚೇರಿ. ಮೆಟ್ಟಿಲು ನನ್ನ ಗಲ್ಲಾದ ಪಕ್ಕದಲ್ಲೇ ಇರುವುದರಿಂದ ಮೇಲೆ ಹೋಗುವವರ ಮುಖವನ್ನೂ ಇಳಿದು ಬರುವವರ ಮುಖವನ್ನೂ ನಾನು ನೋಡುತ್ತೇನೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಇರಲಿ ಬಿಡಿ. ಎಲ್ಲರೂ ತಣ್ಣಗಿದ್ದರೆ ಬೀದಿಯಲ್ಲಿ ವ್ಯಾಪಾರ ನಡೆದ ಹಾಗೇ!

ಆಕೆ ಮೊದಲು ದೊಡ್ಡ ವಕೀಲರ ಕಚೇರಿಯಲ್ಲಿದ್ದರು. ಕಟ್ಟಡದ ಮಾಲೀಕರ ಪರವಾಗಿ ಬಾಡಿಗೆ ಕರಾರು ಬರೆಯುವುದು ಅವರ ಕೆಲಸ. ಬಾಡಿಗೆಗೆ ಬಂದವನು ಎಲ್ಲೆಲ್ಲಿ ಎಡವಬೇಕೋ ಅಲ್ಲೆಲ್ಲ ಒಂದೊಂದು ಸಾಲು ಸೇರಿಸುತ್ತಿದ್ದೆ ಎಂದು ಅವರೇ ನನಗೆ ಹೇಳಿದ್ದಾರೆ. ಒಂದು ದಿನ ಒಬ್ಬ ಬೇಕರಿಯವನು ಅಂಥ ಕರಾರಿಗೆ ಸಹಿ ಹಾಕಿ, ಎದ್ದು ನಿಂತು, "ನಿಮ್ಮಿಂದ ಉಪಕಾರ ಆಯ್ತು ಮೇಡಂ" ಎಂದು ಕೈ ಮುಗಿದನಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕೈ ಮುಗಿದದ್ದು ತಡೆಯಲಾಗಲಿಲ್ಲ ಎಂದರು. ಆ ಕೆಲಸ ಬಿಟ್ಟು ಇಲ್ಲಿ ಬಂದು ಕೂತರು. ಈಗ ಸಣ್ಣ ಅಂಗಡಿಯವರು, ಗ್ಯಾರೇಜಿನವರು, ಮನೆಯಲ್ಲೇ ಹೊಲಿಗೆ ಹಾಕುವ ಹೆಂಗಸರು, ಎಲ್ಲರಿಗೂ ಆಕೆಯೇ ದಿಕ್ಕು. ಪುಕ್ಕಟೆ ಹೇಳುವುದಿಲ್ಲ. ಪುಕ್ಕಟೆ ಮಾತು ಯಾರ ಕಿವಿಗೂ ಇಳಿಯುವುದಿಲ್ಲ ಎಂಬುದು ಅವರ ನಂಬಿಕೆ.

ಆಕೆಯದು ಇನ್ನೊಂದು ವಿಚಿತ್ರ. ಅಂಗಡಿ ನೋಡದೆ ಸಲಹೆ ಕೊಡುವುದಿಲ್ಲ. ಕಚೇರಿಯಲ್ಲಿ ಕೂತವರು ತಾವು ಹೇಗಿರಬೇಕಿತ್ತೋ ಹಾಗೆ ಮಾತಾಡುತ್ತಾರೆ, ಅಂಗಡಿಯಲ್ಲಿ ಹೇಗಿದ್ದಾರೋ ಹಾಗಿರುತ್ತಾರೆ ಎನ್ನುತ್ತಾರೆ. ಗಿರಾಕಿ ಕೂರುವ ಸ್ಟೂಲಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ಬೆಳಗ್ಗೆಯೆಲ್ಲ ಕೂತುಬಿಡುತ್ತಾರೆ. ನನ್ನ ಅಂಗಡಿಯಲ್ಲಿ ಹಾಗೆ ಕೂತಾಗ ನನಗೆ ಮೈ ಪರಚಿಕೊಳ್ಳುವ ಹಾಗಾಗಿತ್ತು.

ಈ ವಿಚಿತ್ರವೇ ನಮ್ಮ ಭಾವನನ್ನು ಉಳಿಸಿತು.

ಭಾವ ಎಂದರೆ ನನ್ನ ಗಂಡನ ಅಣ್ಣ. ಬೀದಿಯ ತಿರುವಿನಲ್ಲಿ ಬೀಗ ರಿಪೇರಿ, ಕೀ ಮಾಡಿಕೊಡುವ ಅಂಗಡಿ ಅವರದು. ಮೈಯೆಲ್ಲ ದಾಕ್ಷಿಣ್ಯ. ಖೋಟಾ ನೋಟು ಕೊಟ್ಟವನಿಗೂ ಚಿಲ್ಲರೆ ಎಣಿಸಿ ಕೊಡುವ ಜಾತಿ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಆಕೆ ಮನೆಯಲ್ಲಿ ಕೂತು ಅಂಗಡಿಯಲ್ಲಿ ಮಾರುವ ಚಿಕ್ಕ ಬೀಗಗಳ ಸ್ಪ್ರಿಂಗು ಸರಿ ಮಾಡಿಕೊಡುತ್ತಾಳೆ. ಇಬ್ಬರ ಹೊಟ್ಟೆಪಾಡೂ ಆ ಒಂದು ಅಂಗಡಿಯಿಂದಲೇ.

ಆ ಕಟ್ಟಡದ ಹಳೇ ಯಜಮಾನರು ದೇವರಂಥವರು. ಭಾವ ಕೈಯಲ್ಲೊಂದು ಕೀ ಉಜ್ಜುವ ಅರ ಬಿಟ್ಟರೆ ಏನೂ ಇಲ್ಲದೆ ಬಂದಾಗ ಜಾಗ ಕೊಟ್ಟವರು. ಅವರು ತೀರಿಕೊಂಡ ಮೇಲೆ ಕಟ್ಟಡ ಅಳಿಯನ ಕೈಗೆ ಬಂತು. ಅಳಿಯನಿಗೆ ಕೆಳಗಿನ ಸಣ್ಣ ಅಂಗಡಿಗಳನ್ನೆಲ್ಲ ಒಡೆದು ಒಂದೇ ದೊಡ್ಡ ಶೋರೂಮು ಮಾಡುವ ಆಸೆ. ಆದರೆ ಬಂದು ಹೇಳಿದ್ದೇ ಬೇರೆ. "ಅಣ್ಣಾ, ತಾರಸಿ ಸೋರ್ತಾ ಇದೆ. ಎರಡು ವಾರ ಅಂಗಡಿ ಮುಚ್ಚಿ ಕೀ ಕೊಟ್ಟಿರಿ, ಹೊಸದು ಮಾಡಿ ಕೊಡ್ತೀನಿ." ಮಾತು ಬೆಣ್ಣೆ. ಭಾವ ಕೀ ಕೊಟ್ಟರು. ಒಂದಲ್ಲ, ಇದ್ದ ಎರಡನ್ನೂ ಕೊಟ್ಟರು. ಬಾಗಿಲಿನ ಯಜಮಾನ ಕೇಳಿದ ಮೇಲೆ ಜೋಡಿ ಕೀ ಇಟ್ಟುಕೊಳ್ಳಬಾರದಂತೆ, ಅದು ಬೀಗದವರ ನೇಮವಂತೆ. ಬೇರೆ ಕಸುಬಿನವನಾಗಿದ್ದರೆ ಒಂದನ್ನಾದರೂ ಜೇಬಿನಲ್ಲಿ ಉಳಿಸಿಕೊಳ್ಳುತ್ತಿದ್ದ.

ಎರಡು ವಾರ ಕಳೆಯಿತು. ತಾರಸಿಯ ಮೇಲೆ ಒಬ್ಬ ಗಾರೆಯವನೂ ಹತ್ತಲಿಲ್ಲ. ಶಟರಿಗೆ ಹೊಸ ಬೀಗ ಬಿತ್ತು. ಕೇಳಲು ಹೋದ ಭಾವನಿಗೆ ಅಳಿಯ, "ನೀವೇ ಒಪ್ಪಿ ಖಾಲಿ ಮಾಡಿ ಕೊಟ್ರಲ್ಲ ಅಣ್ಣಾ, ಈಗೇನು ಹೊಸ ರಾಗ?" ಎಂದನಂತೆ. ಭಾವ ನನ್ನ ಅಂಗಡಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವಾ, ಆ ಬೀಗ ತೆಗೆಯೋದು ನಿಮಗೆ ಎಷ್ಟು ಹೊತ್ತಿನ ಕೆಲಸ?" ಎಂದೆ.

"ಬೀಡಿ ಹಚ್ಚೋವಷ್ಟು ಹೊತ್ತು."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ? ಏಳಿ, ನಾನೂ ಬರ್ತೀನಿ. ನಿಮ್ಮ ಅಂಗಡಿಗೆ ನೀವು ಹೋಗೋಕೆ ಯಾರಪ್ಪನ ಅಪ್ಪಣೆ ಬೇಕು?"

ಭಾವ ನಿಜಕ್ಕೂ ಎದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಕೇಳಿಸಿತು.

"ತಡೀರಿ."

ವಕೀಲಮ್ಮ ಇಳಿದು ಬಂದು ನನ್ನ ಕಡೆ ನೋಡಲೂ ಇಲ್ಲ, ಭಾವನ ಎದುರು ನಿಂತರು. "ಅವನು ಕಾಯ್ತಾ ಇರೋದೇ ಅದಕ್ಕೆ. ಬೀಗದವನೇ ಬೀಗ ಒಡೆದ ಅಂತ ಒಂದು ದೂರು ಬಿತ್ತು ಅಂದ್ರೆ ಅಂಗಡಿ ಅಲ್ಲ, ಕಸುಬೇ ಹೋಗುತ್ತೆ. ಆಮೇಲೆ ನಿಮ್ಮ ಕೈಗೆ ಯಾರು ತಮ್ಮ ಮನೆ ಬೀಗ ಕೊಡ್ತಾರೆ?"

ಭಾವ ಕೂತರು. ಬೀಗ ತೆಗೆ ಎಂದದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಕಾನೂನಿಗೆ ತಪ್ಪಿರಬಹುದು. ಆದರೆ ಆಕೆ ಹೇಳಿದ್ದೂ ಸರಿಯಾಗಿತ್ತು, ಅದೇ ನನಗೆ ಇನ್ನೂ ಸಿಟ್ಟು.

"ಅಂಗಡಿ ತೋರಿಸಿ" ಎಂದರು ವಕೀಲಮ್ಮ.

"ಮುಚ್ಚಿದೆಯಲ್ಲ ಮೇಡಂ."

"ಹೊರಗಿಂದಲೇ ತೋರಿಸಿ."

ಮೂವರೂ ತಿರುವಿಗೆ ಹೋದೆವು. ಮುಚ್ಚಿದ ಶಟರಿನ ಎದುರು, ಜನ ಓಡಾಡುವ ಫುಟ್‌ಪಾತಿನಲ್ಲಿ, ಆಕೆ ಭಾವನಿಗೆ ಹೇಳಿದರು: "ಬೆಳಗ್ಗೆ ಬಂದು ಏನೇನು ಮಾಡ್ತೀರೋ ಮಾಡಿ ತೋರಿಸಿ. ಅಂಗಡಿ ಇಲ್ಲೇ ಇದೆ ಅಂದ್ಕೊಳ್ಳಿ." ಭಾವ ನಾಚಿಕೊಂಡರು. ಆಮೇಲೆ ಗಾಳಿಯಲ್ಲೇ ಶಟರು ಎತ್ತಿದರು. ಗಾಳಿಯಲ್ಲೇ ಬಲಗಡೆ ತಿರುಗಿ ಏನನ್ನೋ ಒರೆಸಿದರು. ಕ್ಷೌರದಂಗಡಿಯವನು ಹೊರಗೆ ಬಂದು ನಿಂತು ನಗುತ್ತಿದ್ದ. ನಾನು ಒಂದು ಸಲ ನೋಡಿದ್ದಕ್ಕೆ ಒಳಗೆ ಹೋದ.

"ಇದು ಕೀ ಕೊರೆಯೋ ಮಿಷಿನ್ನು. ಕಲ್ಲಿಗೆ ಬೋಲ್ಟ್ ಹಾಕಿ ಕೂರಿಸಿದೆ. ಎರಡು ವಾರ ತಾನೇ ಅಂತ ಬಟ್ಟೆ ಹೊದಿಸಿ ಬಂದೆ" ಎಂದರು ಭಾವ. ಅವರ ಕೈ ತಲೆಯ ಮೇಲಕ್ಕೆ ಹೋಯಿತು. "ಇಲ್ಲಿ ಕೊಕ್ಕೆಗಳು. ರಿಪೇರಿಗೆ ಬಂದಿರೋ ಬೀಗ ಇಲ್ಲಿ ತೂಗ್ತಿರುತ್ತೆ. ದಿನಾ ಇಲ್ಲಿಂದ ಒಂದೊಂದೇ ಇಳಿಸ್ತೀನಿ."

"ಈಗ ಆ ಬೀಗಗಳು ಎಲ್ಲಿವೆ?"

"ಒಳಗೇ ಇವೆ."

"ಮನೆಗೆ ಯಾಕೆ ತಗೊಂಡು ಹೋಗಲಿಲ್ಲ? ಅಲ್ಲೂ ಕೆಲಸ ಮಾಡಬಹುದಿತ್ತಲ್ಲ?"

ಭಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಾರೋ ಹೊಸ ಬೀಗಗಳ ಸ್ಪ್ರಿಂಗ್ ಕೆಲಸ ಮಾತ್ರ ನನ್ನ ಹೆಂಡತಿ ಮನೇಲಿ ಮಾಡ್ತಾಳೆ. ಗಿರಾಕಿ ಬೀಗ ಮನೆಗೆ ಒಯ್ಯೋ ಹಾಗಿಲ್ಲ ಮೇಡಂ. ಅಂಗಡಿಗೆ ಕೊಟ್ಟಿದ್ದು ಅಂಗಡಿಯಿಂದಲೇ ಅವರ ಕೈಗೆ ಹೋಗಬೇಕು. ಯಾರದೋ ಮನೆ ಬೀಗ ನಮ್ಮ ಮನೇಲಿದ್ರೆ ಜನ ಏನಂದ್ಕೊಳ್ಳಲ್ಲ? ಅಂಗಡಿ ಬಿಡೋದಾಗಿದ್ರೆ ಎಲ್ಲರನ್ನೂ ಕರೆದು ವಾಪಸ್ ಕೊಟ್ಟೇ ಬಿಡ್ತಿದ್ದೆ."

ವಕೀಲಮ್ಮ ಕೈ ಅಡ್ಡ ಹಿಡಿದರು. "ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ" ಎಂದರು. ಭಾವ ಹೇಳಿದರು. ಆಕೆಯ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಹಿಂದಿರುಗುವಾಗ ಬಿಡಿಸಿ ಹೇಳಿದರು. ಕೀ ಕೊಟ್ಟದ್ದೊಂದೇ ಸಾಲದು, ಬಿಟ್ಟುಹೋಗುವ ಮನಸ್ಸೂ ಇತ್ತು ಎಂದು ಅಳಿಯ ತೋರಿಸಬೇಕು. ಊರವರ ಬೀಗಗಳನ್ನು ಒಳಗೆ ತೂಗುಹಾಕಿ, ಮಿಷಿನ್ನಿಗೆ ಬಟ್ಟೆ ಹೊದಿಸಿ ಹೋದವನು ಬಿಟ್ಟುಹೋದವನಲ್ಲ. ಅಳಿಯ ಒಳಗಿನದನ್ನು ಸಾಗಿಸುವ ಮುಂಚೆ ಬಾಡಿಗೆ ತಕರಾರು ಕೇಳುವ ಅಧಿಕಾರಿ ಬಂದು ಕಣ್ಣಾರೆ ನೋಡಬೇಕು, ಅಷ್ಟೇ.

"ಅಲ್ಲಿವರೆಗೆ ಒಳಗಿರೋ ಬೀಗಗಳ ವಿಷಯ ಯಾರೂ ಬಾಯಿ ಬಿಡಬಾರದು" ಎಂದು ಹೇಳಿ ನನ್ನನ್ನೇ ನೋಡಿದರು.

"ನನ್ನನ್ನೇ ಯಾಕೆ ನೋಡ್ತೀರಿ?"

"ನಿಮ್ಮನ್ನ ನೋಡಿದ್ರೆ ಸಾಕು, ಬೀದಿಯವರಿಗೆಲ್ಲ ಹೇಳಿದ ಹಾಗೆ."

ಬಾಯಿ ಮುಚ್ಚಿಕೊಂಡಿದ್ದೆ. ಗಿರಾಕಿಗಳು ಭಾವನನ್ನು ದಾರಿಯಲ್ಲಿ ತಡೆದು ನಮ್ಮ ಬೀಗ ಎಲ್ಲಿ ಎಂದು ಕೇಳಲು ಶುರು ಮಾಡಿದ್ದರು. ಅಕ್ಕ ಬೀದಿಗೆ ಬರುವುದನ್ನೇ ಬಿಟ್ಟಿದ್ದಳು. ನಾನು ಅವಳ ಮನೆಗೆ ಹೋದರೆ, "ಅಂಗಡಿ ಹೋಯ್ತು ಅಂತ ಹೇಳಿಬಿಡೇ, ನಾನು ಬೇರೆಯವರ ಮನೆ ಕೆಲಸಕ್ಕೆ ಹೋಗ್ತೀನಿ, ಹೀಗೆ ಕಾಯೋಕಾಗಲ್ಲ" ಎನ್ನುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂರುತ್ತಿದ್ದೆ.

ವಕೀಲಮ್ಮ ಅರ್ಜಿ ಹಾಕಿದರು, ಅಧಿಕಾರಿ ಬರುವ ದಿನ ಗೊತ್ತಾಯಿತು. ತಪಾಸಣೆಯ ಹಿಂದಿನ ದಿನ ಆಕೆ ಭಾವನನ್ನು ಕರೆದು ಕೂರಿಸಿಕೊಂಡರು. "ಮಿಕ್ಕಿದ್ದೆಲ್ಲ ನಾನು ಹೇಳ್ತೀನಿ. ಒಂದು ಮಾತು ಮಾತ್ರ ನೀವೇ ಹೇಳಬೇಕು. ಅಂಗಡಿ ನೀವಾಗಿ ಬಿಟ್ರಾ ಅಂತ ಅವರು ಕೇಳ್ತಾರೆ. ಉತ್ತರ ನಾನು ಹೇಳಿಕೊಡಲ್ಲ."

"ಅವನು ಎದುರಿಗೇ ಇರ್ತಾನಾ?" ಎಂದು ಭಾವ ಕೇಳಿದರು.

"ಇರ್ತಾನೆ."

ಭಾವನ ಮುಖ ಬಾಡಿತು. ಆ ಮನುಷ್ಯ ಹುಟ್ಟಿದಂದಿನಿಂದ ಯಾರಿಗೂ ಮುಖ ಮುರಿದು ಒಂದು ಮಾತು ಆಡಿದವರಲ್ಲ.

ಮರುದಿನ ಅಧಿಕಾರಿ ಬಂದರು, ಕನ್ನಡಕದ ಗಂಭೀರ ಹೆಂಗಸು. ಅಳಿಯ ಹೊಸ ಬೀಗ ತೆಗೆದು ಶಟರು ಎತ್ತಿದ. ಮಿಷಿನ್ನು ಬಟ್ಟೆ ಹೊದ್ದು ಕೂತಿತ್ತು. ಕೊಕ್ಕೆಗಳ ತುಂಬ ಬೀಗಗಳು, ಒಂದೊಂದಕ್ಕೂ ಗಿರಾಕಿಯ ಗುರುತಿನ ಚೀಟಿ. ಅಳಿಯ ಒಳಗೆ ಹೋಗಿ ನೋಡುವ ಗೋಜಿಗೇ ಹೋಗಿರಲಿಲ್ಲ ಎಂದು ಕಾಣುತ್ತದೆ, ಅವನ ಮುಖ ಕಪ್ಪಿಟ್ಟಿತು. "ಗುಜರಿ ಬಿಟ್ಟು ಹೋಗಿದಾರೆ" ಎಂದ. ಬೀಗಗಳನ್ನೂ ಮಿಷಿನ್ನನ್ನೂ ಬೆರಳಿಟ್ಟು ತೋರಿಸಿ ವಕೀಲಮ್ಮ ತಮ್ಮ ವಾದ ಹೇಳಿ ಮುಗಿಸಿದರು. ಅಧಿಕಾರಿ ಭಾವನ ಕಡೆ ತಿರುಗಿದರು.

"ಇದನ್ನ ನೀವಾಗಿ ಬಿಟ್ಟುಕೊಟ್ರಾ?"

ಅಳಿಯ ನಡುವೆ ಬಾಯಿ ಹಾಕಿದ. "ಅಣ್ಣಾ, ನಮ್ಮ ಮಾವನವರ ಮುಖ ನೋಡಿ ಹೇಳಿ. ನಿಮ್ಮ ಕೈಯಾರೆ ನೀವೇ ತಾನೇ ಕೀ ಕೊಟ್ಟಿದ್ದು?"

ಭಾವ ತಲೆ ತಗ್ಗಿಸಿದರು. ಮುಗಿಯಿತು, ಈ ದಾಕ್ಷಿಣ್ಯದ ಮೂಟೆ ಹೌದು ಎಂದುಬಿಡುತ್ತದೆ ಎಂದುಕೊಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ವಕೀಲಮ್ಮ ನನ್ನ ಮೊಣಕೈ ಹಿಡಿದರು. ಭಾವನನ್ನು ಆಕೆ ನೋಡಲೂ ಇಲ್ಲ, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಹೌದು, ಯಜಮಾನರ ಮುಖ ನೋಡಿಯೇ ಕೊಟ್ಟೆ" ಎಂದರು ಭಾವ. ದನಿ ಮೆಲ್ಲಗಿತ್ತು. ಆಮೇಲೆ ತಲೆ ಎತ್ತಿದರು. "ಆ ಮುಖ ನೋಡಿಯೇ ಈಗ ವಾಪಸ್ ಕೇಳ್ತಿದ್ದೀನಿ. ಎರಡು ವಾರ ಅಂತ ಸುಳ್ಳು ಹೇಳಿ ಇಸ್ಕೊಂಡ್ರಿ ನೀವು. ನಾನು ಬಿಟ್ಟಿಲ್ಲ. ಬಿಡೋದೂ ಇಲ್ಲ."

ಅಧಿಕಾರಿ ಅಲ್ಲೇ ನಿಂತು ಬರೆದುಕೊಂಡರು. ತಕರಾರು ತೀರ್ಮಾನವಾಗುವವರೆಗೆ ಅಂಗಡಿ ಬೀಗದವರ ವಶದಲ್ಲೇ ಇರಬೇಕು, ಕೀ ಈಗಲೇ ಕೊಡಿ ಎಂದರು. ಆ ಗದ್ದಲದಲ್ಲಿ ನಾನು ವಕೀಲಮ್ಮನ ಕಿವಿಯಲ್ಲಿ ಕೇಳಿದೆ, "ಅವರು ಬಾಯಿ ಬಿಡದೇ ಇದ್ದಿದ್ರೆ?"

"ಸೋಲ್ತಿದ್ವಿ."

"ಒಂದು ಮಾತು ಹೇಳಿಕೊಡೋಕೆ ನಿಮಗೇನಾಗಿತ್ತು?"

"ಅವನು ಇನ್ನೂ ಹತ್ತು ಸಲ ಬರ್ತಾನೆ. ಪ್ರತಿ ಸಲ ನಾನಿರಲ್ಲ, ಇವರೇ ಇರಬೇಕು." ಹೇಳಿ ಚೀಲ ಹೆಗಲಿಗೇರಿಸಿಕೊಂಡರು. ಎಂಥ ಹೆಂಗಸಪ್ಪಾ ಎನ್ನಿಸಿತು. ಬೈಯಲೂ ಆಗದು, ಅಪ್ಪಿಕೊಳ್ಳಲೂ ಆಗದು.

ಅಳಿಯ ಕೀ ಕೊಟ್ಟು ಕಾರು ಹತ್ತಿದ. ಭಾವ ಕೀ ಹಿಡಿದು ಬೀದಿಯ ಆಚೆ ಬದಿ ನೋಡುತ್ತಿದ್ದರು. ಅಲ್ಲಿ ಬಸ್ಸು ಕಾಯುವವಳ ಹಾಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಕ್ಕ ನಿಂತಿದ್ದಳು. ಯಾವಾಗ ಬಂದಳೋ, ಹತ್ತಿರ ಬರಲು ಧೈರ್ಯ ಸಾಲದೆ ಅಲ್ಲೇ ನಿಂತಿದ್ದಳು. ಬೀದಿಯಲ್ಲಿ ದನಿ ಎತ್ತಿ ಮಾತಾಡಿದವರಲ್ಲ ನಮ್ಮ ಭಾವ. ಅವತ್ತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಅಲ್ಲಿ ಯಾಕೆ ನಿಂತಿದ್ದೀಯೇ? ಬಾ, ನಮ್ಮ ಅಂಗಡಿ ತೆಗೆದಿದೆ."