ಒಂದು ಹಸು, ನಾಲ್ಕು ತಾಲ್ಲೂಕು

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ ನನ್ನ ಫೋನು ತನ್ನಷ್ಟಕ್ಕೆ ತಾನೇ ಒಂದು ಹಳೆಯ ಫೋಟೊ ತೆಗೆದು ತೋರಿಸಿತು. ಈಗಿನ ಫೋನುಗಳಿಗೆ ಇದೊಂದು ಚಾಳಿ, ಕೇಳದಿದ್ದರೂ ಹಳೆಯದನ್ನೆಲ್ಲ ಕೆದಕಿ ಮುಂದಿಡುತ್ತವೆ. ಬೇರೆಯವರಿಗೆ ಪ್ರವಾಸ, ಮಗುವಿನ ನಾಮಕರಣ ಇಂಥವು ಕಾಣಿಸುತ್ತವಂತೆ. ನನಗೆ ಕಂಡದ್ದು ಒಂದು ಹಸು. ಕಪ್ಪು ಮೈ, ಅರ್ಧ ಮುಖ ಸುಣ್ಣ ಬಳಿದಂತೆ ಬಿಳುಪು, ಎಡಗೊಂಬು ಮೊಂಡು. ಪಕ್ಕದಲ್ಲಿ ರೇಷ್ಮೆ ಸೀರೆಯ ಮೇಲೆ ಕಂಪನಿಯ ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ನಿಂತ ನಾನು. ನಗು ಉಕ್ಕಿ ಕಾಫಿ ಮೂಗಿಗೆ ಹತ್ತಿತು. ನಿಮಗೂ ಹೇಳಿಬಿಡುತ್ತೇನೆ, ಕೇಳಿ. ಒಬ್ಬಳೇ ಹೀಗೆ ನಗುತ್ತ ಕೂತರೆ ಅವ್ವ ಬೇರೆ ಏನಾದರೂ ತಿಳಿದಾಳು.

ಹಸುಗಳಿಗೆ ವಿಮೆ ಮಾಡಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಊರೂರು ತಿರುಗಿ, ಹಸುವಿನ ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿ, ಅದರ ಫೋಟೊ ತೆಗೆಯಬೇಕು. ಆಗ ನಾವು ಮೂವರು ಕಾಂಟ್ರಾಕ್ಟಿನ ಮೇಲಿದ್ದೆವು. ನಾಗಮಂಗಲಕ್ಕೆ ನಾನು, ಕೆ.ಆರ್. ಪೇಟೆಗೆ ಮಂಜ, ಶ್ರೀರಂಗಪಟ್ಟಣಕ್ಕೆ ಸವಿತಾ. ನಮ್ಮ ಮೇಲೆ ಟೀಮ್ ಲೀಡರ್ ನಿಂಗರಾಜು. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಒಂದೇ ಕೋಣೆ ನಮ್ಮ ಆಫೀಸು, ಅದರಲ್ಲಿದ್ದ ಒಂದೇ ಕುರ್ಚಿ ಅವರದ್ದು. ಪಾಂಡವಪುರ ತಾಲ್ಲೂಕನ್ನು ಅವರೇ ನೋಡಿಕೊಳ್ಳುತ್ತಿದ್ದರು.

ನಿಂಗರಾಜು ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏಯ್ ನಾಗಮಂಗಲ, ಎಲ್ಲಿದ್ದೀಯವ್ವ?" ಎಂದು ಫೋನಿನಲ್ಲಿ ಅರಚುವರು. ಇಡೀ ತಾಲ್ಲೂಕೇ ಎದ್ದು ಉತ್ತರ ಹೇಳಬೇಕೇನೋ ಎಂಬಂತೆ ನಾನು ಗಾಬರಿಯಾಗುತ್ತಿದ್ದೆ. ಗಂಟೆಗೊಂದು ಸಲ ಹಸುವಿನ ಜೊತೆ ನಿಂತ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು. ರೈತರು ಮನೆಯಲ್ಲಿ ಸಿಗುವ ದಿನವೆಂದು ಭಾನುವಾರ ರಜೆ ಇಲ್ಲ. ನಾವು ಹಿಡಿದು ತಂದ ಹಸುಗಳೆಲ್ಲ ಮೈಸೂರಿನ ಮ್ಯಾನೇಜರಿಗೆ ಮುಟ್ಟುವ ಹೊತ್ತಿಗೆ ನಿಂಗರಾಜು ಅವರ ಹಸುಗಳಾಗಿರುತ್ತಿದ್ದವು. ಅವರ ಕತ್ತಿನಲ್ಲಿ ಕಾಯಂ ನೌಕರರ ಐಡಿ ಕಾರ್ಡಿನ ನೀಲಿ ದಾರ, ನಮ್ಮ ಕತ್ತಿನಲ್ಲಿ ಹಸಿರು. ಆ ನೀಲಿ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮುಂದಿನ್ ತಿಂಗ್ಳು ನಿಮ್ ಕಾಂಟ್ರಾಕ್ಟ್ ಮುಗೀತದೆ. ಯಾರ್ ಇರ್ಬೇಕು ಯಾರ್ ಓಗ್ಬೇಕು ಅಂತ ನನ್ನೇ ಕೇಳೋದು, ಗ್ಯಾಪ್ಕ ಇರ್ಲಿ" ಅನ್ನುತ್ತಿದ್ದರು.

ಗ್ಯಾಪ್ಕ ಇರದೆ ಏನು? ಕೆಲಸ ಹೋದರೆ ಮಾರನೆಯ ದಿನವೇ ಅವ್ವ ನೋಡಿಟ್ಟಿದ್ದ ಹುಡುಗನಿಗೆ ನಾನು ಹೂಂ ಅನ್ನಬೇಕೆಂದು ಮನೆಯಲ್ಲಿ ಮಾತಾಗಿತ್ತು. ಹುಡುಗ ಕೆಟ್ಟವನಲ್ಲ. ಆದರೆ ನೋಡಲು ಬಂದವನು, ಮದುವೆಯಾದ ಮೇಲೆ ಸ್ಕೂಟರು ಯಾಕೆ ಬೇಕು ಎಂದು ಕೇಳಿದ್ದ. ದೇವಲಾಪುರದ ಕಡೆಯ ಆ ಖಾಲಿ ರಸ್ತೆಗಳಲ್ಲಿ ಒಬ್ಬಳೇ ಸ್ಕೂಟರ್ ಓಡಿಸಿಕೊಂಡು ಹೋಗುವ ಸುಖ ಆ ಪುಣ್ಯಾತ್ಮನಿಗೆ ಹೇಗೆ ಹೇಳುವುದು? ನಾನು ಹೂಂ ಅನ್ನುವ ಪೈಕಿಯವಳಾಗಿರಲಿಲ್ಲ. ಅದಕ್ಕೇ ಹಲ್ಲು ಕಚ್ಚಿಕೊಂಡು ಗಂಟೆಗೊಂದು ಹಸುವಿನ ಪಕ್ಕ ನಿಲ್ಲುತ್ತಿದ್ದೆ.

ಹೀಗಿರುವಾಗ ನನ್ನ ದೊಡ್ಡಪ್ಪನ ಮಗಳ ಮದುವೆ ಬಂತು. ರಜೆ ಕೇಳಿದರೆ ನಿಂಗರಾಜು, "ಮದ್ವೆ ಅವಳ್ದೋ ನಿಂದೋ?" ಅಂದುಬಿಟ್ಟರು. ಮದುವೆಯ ದಿನ ನಾನು ಯಾರದೋ ಕೊಟ್ಟಿಗೆಯಲ್ಲಿ ನಿಂತು ಅತ್ತೆ. ಅವತ್ತು ನಿಂಗರಾಜು ಅವರೂ ತಲೆನೋವೆಂದು ಆಫೀಸಿಗೆ ಬಂದಿರಲಿಲ್ಲವಂತೆ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮದುವೆ ತಪ್ಪಿದರೆ ತಪ್ಪಲಿ, ಬೀಗರ ಊಟ ತಪ್ಪಿಸಿಕೊಂಡವರುಂಟೆ? ನಮ್ಮ ಕಡೆ ಮದುವೆಯೆಂದರೆ ಶಾಸ್ತ್ರ ಅಷ್ಟೇ, ಸಂಬಂಧ ಕೂಡುವುದು ಆಮೇಲೆ ಮಟನ್ ಬೇಯುವಾಗ. ಗಂಡಿನವರು ತಮ್ಮೂರಿನಲ್ಲಿ ಹೆಣ್ಣಿನವರನ್ನು ಕೂರಿಸಿ, ಸ್ವತಃ ನಿಂತು ಬಡಿಸಿ, ಬೇಡ ಬೇಡವೆಂದರೂ ಎಲೆಗೆ ಸುರಿಯಬೇಕು. ಅವತ್ತು ಹೆಣ್ಣಿನವರ ಮುಖ ಸಣ್ಣಗಾದರೆ ಅದನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಗಂಡಿನ ಊರು ಬೂಕನಕೆರೆಯ ಹತ್ತಿರ, ಕೆ.ಆರ್. ಪೇಟೆ ತಾಲ್ಲೂಕು, ನನ್ನದಲ್ಲ. ಭಾನುವಾರ ಬೆಳಿಗ್ಗೆ ಸೀರೆ ಉಟ್ಟು, ಕೋಟನ್ನು ಡಿಕ್ಕಿಯಲ್ಲಿಟ್ಟು ಹೊರಟೇಬಿಟ್ಟೆ.

ಶಾಮಿಯಾನದ ಹಿಂದಿನ ಕೊಟ್ಟಿಗೆಯಲ್ಲಿ ದೇವರು ಕಟ್ಟಿಹಾಕಿದಂತೆ ಒಂದು ಹಸು ನಿಂತಿತ್ತು. ಕೋಟು ಹಾಕಿದೆ, ಫೋಟೊ ತೆಗೆದೆ, "ನಾಗಮಂಗಲ, ದೇವಲಾಪುರ ಹೋಬಳಿ" ಎಂದು ಬರೆದು ಗುಂಪಿಗೆ ಎಸೆದೆ, ಫೋನನ್ನು ಚೀಲಕ್ಕೆ ತುರುಕಿದೆ. ಎಷ್ಟು ಸಲೀಸು! ಹಾಡಿಕೊಂಡು ಬಂದು ಪಂಕ್ತಿಯಲ್ಲಿ ಕೂತರೆ ಎದುರಿನ ಸಾಲಿನಲ್ಲಿ ಮಂಜ ಮುದ್ದೆ ಮುರಿಯುತ್ತಿದ್ದಾನೆ.

"ನೀನ್ಯಾಕ್ಲಾ ಇಲ್ಲಿ?" ಅಂದೆ.

"ಗಂಡು ನನ್ ಕ್ಲಾಸ್‌ಮೇಟು ಕಣಕ್ಕ. ಅಲ್ನೋಡು, ಸವಿತಕ್ಕನೂ ಬಂದದೆ."

ಸವಿತಾ ಮದುವೆ ಹುಡುಗಿಯ ತಾಯಿಯ ಕಡೆಯವಳಂತೆ. ಮೂವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿ, ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಸಾಲಿನ ತುದಿಯಿಂದ ಒಬ್ಬರು ಬಂದರು. ನಿಂಗರಾಜು! ಗಂಡಿನ ಸೋದರಮಾವ!

ಅವರ ಮುಖವನ್ನು ನೀವು ನೋಡಬೇಕಿತ್ತು. ಬಾಯಿ ಬೈಯಲು ತೆರೆಯಿತು, ಸುತ್ತ ಕೂತ ನಮ್ಮ ಕಡೆಯವರನ್ನು ಕಂಡು ನಗುವಾಗಿ ಮುಚ್ಚಿತು. ನನ್ನೆದುರು ಬಗ್ಗಿ, ಹಲ್ಲಿನ ಸಂದಿಯಲ್ಲಿ, "ನಾಳೆ ಆಪೀಸಿಗ್ ಬಾ, ಮಾಡ್ತೀನಿ" ಅಂದರು. ಆಮೇಲೆ ಶಾಮಿಯಾನಕ್ಕೆಲ್ಲ ಕೇಳುವಂತೆ, "ಉಣ್ಣಿ ಬೀಗ್ರೇ, ಇನ್ನೆರಡ್ ಪೀಸ್ ಆಕುಸ್ಕಳಿ!"

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಹೊಟ್ಟೆಯೊಳಗೆ ನಗು ಕುಣಿಯುತ್ತಿತ್ತು. "ಬೋಟಿ ಗೊಜ್ಜು ಬರ್ನಿಲ್ವಲ್ಲಾ" ಎಂದು, ಕುರಿಯ ಕರುಳಿನ ಆ ಗೊಜ್ಜಿಗೇ ಕಾದು ಕೂತವಳಂತೆ, ಮುಖ ಸಣ್ಣಗೆ ಮಾಡಿದೆ. ಅವರ ಅಕ್ಕ, ಅಂದರೆ ಗಂಡಿನ ತಾಯಿ, ದೂರದಿಂದಲೇ ಕೂಗಿದರು: "ಲೇ ನಿಂಗ, ಬೀಗ್ರ್ ಎಲೆ ಖಾಲಿ ಅದೆ, ಏನ್ ಮಾಡ್ತಿದ್ದೀಯ್ಲಾ ಅಲ್ಲಿ?" ನಮ್ಮ ಟೀಮ್ ಲೀಡರು ಓಡಿದರು. ಮೂರು ಸಲ ಓಡಿಸಿದೆ.

ನಾಲ್ಕನೆಯ ಸಲಕ್ಕೆ ನಮ್ಮೆಲ್ಲರ ಫೋನುಗಳೂ ಒಟ್ಟಿಗೆ ಟಿಂಗ್ ಅಂದವು. ಮೈಸೂರಿನ ಮ್ಯಾನೇಜರು ಗುಂಪಿನಲ್ಲಿ ನಾಲ್ಕು ಫೋಟೊಗಳನ್ನು ಸಾಲಾಗಿ ಜೋಡಿಸಿ ಹಾಕಿದ್ದರು. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಪಾಂಡವಪುರ. ನಾಲ್ಕರಲ್ಲೂ ಅದೇ ಅರ್ಧ ಬಿಳಿ ಮುಖ, ಅದೇ ಮೊಂಡು ಕೊಂಬು. ಕೆಳಗೆ ಒಂದೇ ಸಾಲು: "ಈ ಹಸು ಬಸ್ಸಿನಲ್ಲಿ ಓಡಾಡುತ್ತಾ?"

ಪಾಂಡವಪುರ! ಅಂದರೆ ನಿಂಗರಾಜು ಅವರೂ ಅಕ್ಕನ ಮನೆಯ ಹಸುವಿನ ಜೊತೆಯೇ ನಿಂತಿದ್ದರು!

ಎಂಜಲು ಕೈಯಲ್ಲೇ ನಾವು ಮೂವರು, ಬಕೆಟ್ ಬಿಟ್ಟು ನಿಂಗರಾಜು, ಕೊಟ್ಟಿಗೆಗೆ ಓಡಿದೆವು. ಹಸು ನಮ್ಮನ್ನು ನೋಡಿ ಮೆಲುಕು ಹಾಕುವುದನ್ನೂ ನಿಲ್ಲಿಸಿತು, ಮತ್ತೆ ಫೋಟೊ ಎಂದುಕೊಂಡಿತೋ ಏನೋ. ನಿಂಗರಾಜು ಗೋಡೆಗೆ ಒರಗಿ ಕುಕ್ಕರಿಸಿದರು. "ಓಯ್ತು ಕಣ್ರವ್ವ, ನನ್ ಕೆಲ್ಸ ಓಯ್ತು. ನಂದೂ ಕಾಂಟ್ರಾಕ್ಟೇಯ."

"ಮತ್ತೆ ನೀಲಿ ದಾರ?" ಮಂಜ ಕೇಳಿದ.

"ಮದ್ಲಿದ್ದ ಲೀಡರು ಡ್ರಾಯರಲ್ಲಿ ಬುಟ್ಟೋಗಿದ್ದ ಕಣ್ಲಾ. ಅದಿಲ್ದಿದ್ರೆ ನೀವ್ ನನ್ ಮಾತ್ ಕೇಳ್ತಿದ್ರಾ?"

ನಗು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ನಮ್ಮನ್ನು ನಡುಗಿಸುತ್ತಿದ್ದ ಮನುಷ್ಯ ನಮ್ಮಷ್ಟೇ ನಡುಗುತ್ತಿದ್ದರು. ಅಷ್ಟರಲ್ಲಿ ಮ್ಯಾನೇಜರರ ಫೋನು ಬಂದೇ ಬಂತು. ನಿಂಗರಾಜು ಫೋನನ್ನು ಹಾವು ಹಿಡಿದಂತೆ ಹಿಡಿದು ನಿಂತರು. ನಾನು ಎಡಗೈಯಲ್ಲಿ ಕಿತ್ತುಕೊಂಡೆ.

"ಸಾರ್, ನಾಗಮಂಗಲ ಮಾತಾಡ್ತಿರೋದು. ಬೂಕನಕೆರೆ ಹತ್ರ ಬೀಗರ ಊಟ ಸಾರ್. ನಿಂಗರಾಜು ಸಾರೇ ಬಡಿಸ್ತಾವ್ರೆ. ನಿಮಗೂ ಒಂದು ಎಲೆ ಹಾಕ್ಸಿದ್ದೀವಿ, ಬಂದ್ಬುಡಿ."

ನನ್ನ ಸ್ಕೂಟರು, ಆ ಖಾಲಿ ರಸ್ತೆಗಳು, ಅವ್ವನ ಹುಡುಗ, ಎಲ್ಲ ಕಣ್ಣ ಮುಂದೆ ಬಂದವು. ಕೊನೆಗೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಕೇಳಿದರು: "ಬೋಟಿ ಇರುತ್ತೇನ್ರಿ, ನಾನು ಬರೋ ಹೊತ್ತಿಗೆ?"

ಬಂದರು, ಕೊನೆಯ ಪಂಕ್ತಿಗೆ. ನಿಂಗರಾಜು ಮೈಯೆಲ್ಲ ಬೆವೆತು ಬಡಿಸಿದರು. ಮ್ಯಾನೇಜರು ಚಾಪ್ಸ್ ಕಡಿಯುತ್ತ, ಈ ಮೂವರಲ್ಲಿ ಯಾರನ್ನು ತೆಗೆಯೋಣ ಎಂದು ನಮ್ಮೆದುರೇ ಕೇಳಿದರು. ನಿಂಗರಾಜು ಬಕೆಟ್ ಕೆಳಗಿಟ್ಟರು. ಮೊದಲ ಸಲ ನನ್ನ ಹೆಸರು ಹಿಡಿದು, "ಇವ್ಳಿಲ್ದೆ ನಾಗಮಂಗ್ಲ ನಡ್ಯಾಕಿಲ್ಲ ಸಾರ್. ಅವರಿಬ್ರೂ ಅಂಗೇಯ. ತಗೀಲೇಬೇಕು ಅಂದ್ರೆ ನನ್ನೇ ತಗೀರಿ" ಅಂದರು. ಅಕ್ಕನ ಭಯವೋ, ಬೀಗರೆಂಬ ದಾಕ್ಷಿಣ್ಯವೋ, ನಿಜವಾದ ಮಾತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರನ್ನೂ ತೆಗೆಯಲಿಲ್ಲ. ಸೋಮವಾರದಿಂದ ಮತ್ತೆ ಅದೇ ಅರಚಾಟ ಶುರುವಾಯಿತು, ಆದರೆ ನನಗೆ ಹೆದರಿಕೆ ಹೋಗಿತ್ತು.

ಆಮೇಲೆ ನಿಂಗರಾಜು ಬೇರೆ ಕಂಪನಿಗೆ ಹೋದರು. ಆ ಕಂಪನಿ ಮುಚ್ಚಿತು. ಹೋದ ತಿಂಗಳು ಪಾಂಡವಪುರದ ಕಾಂಟ್ರಾಕ್ಟಿನ ಮೇಲೆ ಮತ್ತೆ ನಮ್ಮಲ್ಲಿಗೇ ಬಂದರು. ಈಗ ಆ ಒಂದೇ ಕುರ್ಚಿಯಲ್ಲಿ ಕೂರುವವಳು ನಾನು. ನನ್ನದೂ ಕಾಂಟ್ರಾಕ್ಟೇ, ಬರುವ ತಿಂಗಳು ಮುಗಿಯುತ್ತದೆ. ಈಗಿನ ಮ್ಯಾನೇಜರು ಊಟಕ್ಕೆ ಕರೆದರೆ ಬರುವವರಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಿಂಗರಾಜು ಅವರ ಮೆಸೇಜು ಬಂತು: "ಮೇಡಂ, ಭಾನುವಾರ ರಜಾ ಬೇಕಿತ್ತು. ಮನೇಲಿ ಬೀಗರ ಊಟ." ನಾನು ಯೋಚಿಸುವ ಮೊದಲೇ ನನ್ನ ಹೆಬ್ಬೆರಳು "ಭಾನುವಾರ ರಜೆ ಇಲ್ಲ" ಎಂದು ಬರೆದಿತ್ತು. ನನ್ನ ನಗು ಅಲ್ಲಿಗೇ ನಿಂತಿತು. ಅಳಿಸಿದೆ. ಮ್ಯಾನೇಜರಿಗೂ ಕಾಣುವಂತೆ ಗುಂಪಿನಲ್ಲೇ ಬರೆದೆ: "ಭಾನುವಾರ ಪಾಂಡವಪುರಕ್ಕೆ ರಜೆ. ಬೀಗರ ಊಟ. ಕೊಟ್ಟವಳು ನಾನು."

ತಕ್ಷಣ ನಿಂಗರಾಜು ಅವರ ಫೋನು. ದನಿಯಲ್ಲಿ ಗಾಬರಿ. "ಏನವ್ವಾ ಇಂಗ್ ಮಾಡ್ಬುಟ್ಟೆ? ದೊಡ್ಡೋರ್ ನೋಡ್ತಾರೆ, ನಿನ್ ಕೆಲ್ಸಕ್ಕೇ ಬತ್ತದೆ. ಅಳಿಸ್ಬುಡು ಬ್ಯಾಗ."

ನಾನು ಅಳಿಸಲಿಲ್ಲ.

"ನೋಡ್ಲಿ ಬುಡಿ ಸಾರ್," ಅಂದೆ. "ನೀವು ನಿಂತ್ಕಂಡು ಚೆನ್ನಾಗಿ ಬಡ್ಸಿ."