ದೊಡ್ಡದು ಮಾಡು

ನಮ್ಮ ಲ್ಯಾಬಿನ ಯಂತ್ರದಲ್ಲಿ ಉರಿಯುವುದು ಬೆಂಕಿಯಲ್ಲ. ಇದನ್ನು ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಹೆಬ್ಬೆರಳಿನ ಗಾತ್ರದ ಸ್ಫಟಿಕ ಗಾಜಿನ ನಳಿಗೆ, ಅದರ ಬಾಯಿಗೆ ಸುತ್ತಿದ ತಾಮ್ರದ ಸುರುಳಿ. ನಳಿಗೆಯೊಳಗೆ ಆರ್ಗಾನ್ ಅನಿಲ ಹರಿಯುತ್ತದೆ, ಸುರುಳಿಯಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅತ್ತಿತ್ತ ಓಡುವ ವಿದ್ಯುತ್ತು. ಒಂದು ಕಿಡಿ ಕೊಟ್ಟರೆ ಅನಿಲವೇ ಬೆಳಗತೊಡಗುತ್ತದೆ. ಅದೇ ಪ್ಲಾಸ್ಮಾ, ಸೂರ್ಯನ ಮೈಗಿಂತ ಬಿಸಿ. ಹರಿಹರದ ಫೌಂಡ್ರಿಯ ಎರಕವಾಗಲಿ, ಕುಕ್ಕುವಾಡದ ಬೋರ್‌ವೆಲ್ ನೀರಾಗಲಿ, ದ್ರಾವಣ ಮಾಡಿ ತುಂತುರಾಗಿ ಅದರೊಳಗೆ ಊದಿದರೆ ಒಂದೊಂದು ಧಾತುವೂ ತನ್ನದೇ ಬಣ್ಣ ತೋರಿಸಿ ಸಿಕ್ಕಿಬೀಳುತ್ತದೆ. ಸೀಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆ ಯಂತ್ರದ ಮುಂದೆ ಎರಡರ್ಥಕ್ಕೆ ಜಾಗವಿಲ್ಲ.

ಯಂತ್ರ ನಡೆಸುವವಳು ನಾನು. ಲೋಹದ ಚೂರುಗಳನ್ನು ಆಸಿಡ್ಡಿನಲ್ಲಿ ಕರಗಿಸಿ ನನ್ನ ಕೈಗೆ ಕೊಡುತ್ತಿದ್ದವನು ನನ್ನ ಗಂಡ. ದಾವಣಗೆರೆಯ ಮನೆಯಿಂದ ಹರಿಹರದ ಲ್ಯಾಬಿಗೆ ಒಂದೇ ಬೈಕಿನಲ್ಲಿ ಹೋಗುತ್ತಿದ್ದೆವು, ದಾರಿಯುದ್ದಕ್ಕೂ ಕಿತ್ತಾಡುತ್ತ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ, "ಸಾಕು, ಪ್ಲಾಸ್ಮಾ ಆರಿಸ್ತೀನಿ," ಎಂದೆ. ಕೈ ತೊಳೆಯುತ್ತಿದ್ದವನು ಹಾಗೇ ನಿಂತುಬಿಟ್ಟ.

"ಆರಿಸ್ತೀನಿ ಅನಬ್ಯಾಡ. ದೊಡ್ಡದು ಮಾಡ್ತೀನಿ ಅನ್ನು."

"ಯಾಕ? ಇದೇನು ನಿಮ್ಮವ್ವನ ದೇವರ ಕೋಣೇನಾ?"

"ಯಾವ ಕೋಣೆ ಆದ್ರೇನು? ಬೆಳಕು ಬೆಳಕೇ."

ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಎಂದು ನನ್ನ ಅಜ್ಜಿಯೂ ಹೇಳಿಕೊಟ್ಟಿದ್ದಳು. ಆದರೆ ಕಂಪ್ಯೂಟರಿನ ಗುಂಡಿ ಒತ್ತಿದರೆ ಹೋಗುವ ಪ್ಲಾಸ್ಮಾಕ್ಕೂ ಈ ಶಾಸ್ತ್ರವೇ! ನಕ್ಕೆ, ಬೈದೆ, ಕೊನೆಗೆ ನನಗೂ ಅದೇ ರೂಢಿಯಾಯಿತು.

ಇದರಿಂದ ಒಮ್ಮೆ ಅನಾಹುತವೂ ಆಯಿತು. ರಿಪೇರಿಗೆಂದು ಹೊರರಾಜ್ಯದ ಎಂಜಿನಿಯರ್ ಬಂದಿದ್ದರು. ಕನ್ನಡ ಅಷ್ಟಕ್ಕಷ್ಟೆ. ಕೆಲಸ ಮುಗಿದ ಮೇಲೆ ಇವನು, "ಇನ್ನ ದೊಡ್ಡದು ಮಾಡ್ರಿ ಸರ್," ಎಂದ. ಆ ಪುಣ್ಯಾತ್ಮ ಕೇಳಿದ್ದನ್ನೇ ನಂಬಿ ಪವರ್ ಏರಿಸಿದರು. ನಳಿಗೆಯ ತುದಿ ಮೇಣದ ಹಾಗೆ ಕರಗಿ ಬಾಗಿತು. "ನಿನ್ನ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ," ಎಂದು ನಾನು ಕೂಗಾಡುತ್ತಿದ್ದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗುವಿನ ಮುಂದೆ ನನ್ನ ಕೋಪ ಯಾವತ್ತೂ ನಿಂತಿದ್ದಿಲ್ಲ.

ಕೊರೋನಾದ ಎರಡನೇ ಅಲೆ ಬಂತು. ಆಕ್ಸಿಜನ್ ತುಂಬಲು ಸಿಲಿಂಡರೇ ಇಲ್ಲವೆಂದು ಸರ್ಕಾರದವರು ಆರ್ಗಾನ್ ಸಿಲಿಂಡರುಗಳನ್ನೂ ಕೇಳಿದರು. ಲ್ಯಾಬಿನಲ್ಲಿದ್ದವನ್ನೆಲ್ಲ ಇವನೇ ಮುಂದೆ ನಿಂತು ಲಾರಿಗೆ ಹತ್ತಿಸಿದ. ಆರ್ಗಾನ್ ಇಲ್ಲದೆ ಯಂತ್ರ ಕತ್ತಲಾಯಿತು. "ಆರ್ಗಾನ್ ಅಂದ್ರೆ ಸೋಮಾರಿ ಅಂತ ಅರ್ಥ. ಯಾರ ಜೊತೆಗೂ ಸೇರಲ್ಲ, ಉಸಿರಿಗೂ ಬರಲ್ಲ. ಅದರ ಸಿಲಿಂಡರಾದ್ರೂ ಜೀವ ಉಳಿಸ್ಲಿ ಬಿಡು," ಎಂದ.

ಆಮೇಲೆ ಅವನಿಗೇ ಜ್ವರ ಬಂತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದೇ ಪುಣ್ಯ. ತಲೆಯ ಬಳಿ ಸಿಲಿಂಡರ್ ನಿಂತಿತ್ತು. ಆಕ್ಸಿಜನ್ನಿನ ಗುರುತಿಗೆಂದು ಅವಸರದಲ್ಲಿ ಬಳಿದ ಕಪ್ಪು ಬಣ್ಣದ ಅಡಿಯಿಂದ ಆರ್ಗಾನಿನ ನೀಲಿ ಇಣುಕುತ್ತಿತ್ತು. ಅವನು ಮಾಸ್ಕ್ ಸರಿಸಿ, "ನಮ್ದೇ ಐತೆ ನೋಡು," ಎಂದು ನಕ್ಕ. ನಾನೂ ನಕ್ಕೆ. ನಮ್ಮದೇ ಸಿಲಿಂಡರ್ ಇವನನ್ನು ಕೈಬಿಡುತ್ತದೆಯೇ ಅಂದುಕೊಂಡೆ, ಹುಚ್ಚಿ.

ಮರುದಿನ ಮಧ್ಯಾಹ್ನ ಅವನ ತುಟಿ ನೀಲಿಯಾಯಿತು. ನನ್ನ ಕೈ ಹಿಡಿದು ಸಿಲಿಂಡರಿನ ಕಡೆ ಕಣ್ಣು ಹೊರಳಿಸಿ, "ದೊಡ್ಡದು ಮಾಡು," ಎಂದ.

ನಾನು ಕೈ ಬಿಡಿಸಿಕೊಂಡು ನರ್ಸಿನ ಕಡೆ ಓಡಿದೆ. "ಸಿಸ್ಟರ್, ಗಾಳಿ ಸಾಲ್ತಿಲ್ಲ, ಜಾಸ್ತಿ ಮಾಡ್ರಿ!" ಅವರು ಓಡಿಬಂದು ಮೀಟರ್ ನೋಡಿದರು. "ಪೂರ್ತಿ ತೆರೆದೇ ಐತಲ್ರಿ," ಎಂದರು. ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಯಾವ ದೊಡ್ಡದು? ಇನ್ನಷ್ಟು ಗಾಳಿ ಕೊಡು ಅಂದನೇ, ಇನ್ನು ಸಾಕು, ಆರಿಸಿಬಿಡು ಅಂದನೇ? ಜೀವನವಿಡೀ ಆರಿಸುವುದಕ್ಕೂ ಅವನು ಅದೇ ಮಾತು ಆಡಿದವನು. ಸಾಕು ಅಂದಿದ್ದರೆ ಅವನಿಗೆ ಬೇಕಾಗಿದ್ದದ್ದು ಗಾಳಿಯಲ್ಲ, ನಾನು. ನಾನು ಅಲ್ಲಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಸೀಸವನ್ನು ಹಿಡಿಯುವವಳಿಗೆ ಗಂಡನ ಒಂದು ಮಾತಿನೊಳಗೆ ಏನಿತ್ತು ಎಂದು ಇವತ್ತಿಗೂ ಗೊತ್ತಿಲ್ಲ. ಅಯ್ಯೋ, ಸರಿಯಾಗಿ ಹೇಳಿ ಹೋಗಬಾರದಿತ್ತೇ ಮಾರಾಯ!

ಸಿಲಿಂಡರುಗಳು ವಾಪಸ್ ಬಂದವು. ಯಂತ್ರ ಮತ್ತೆ ಉರಿಯುತ್ತಿದೆ. ಸಂಜೆ ನಾನು ಏನೂ ಅನ್ನದೆ ಗುಂಡಿ ಒತ್ತಿ ಬರುತ್ತೇನೆ.

ಮನೆಯಲ್ಲಿ ಈಗ ನಾನು ಮತ್ತು ಅತ್ತೆ ಇಬ್ಬರೇ. ಅವನು ಹೋದಮೇಲೆ ದೀಪ ಹಚ್ಚುವುದನ್ನೇ ಬಿಟ್ಟಿದ್ದ ಅತ್ತೆ ಮೊನ್ನೆ ಬೆಳಿಗ್ಗೆ ಮತ್ತೆ ಹಚ್ಚಿದರು. ನಾವಿಬ್ಬರೂ ಮನೆಗೆ ಬೀಗ ಹಾಕಿ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ದೀಪ ದೊಡ್ಡದು ಮಾಡಿ ಬಾರವ್ವ," ಎಂದರು.

ನಾನು ಒಳಗೆ ಹೋಗಿ ದೀಪದ ತುಂಬ ಎಣ್ಣೆ ಹುಯ್ದೆ, ಬತ್ತಿಯನ್ನು ಮುಂದಕ್ಕೆ ಎಳೆದೆ. ಬೆಳಕು ಎದ್ದು ನಿಂತಿತು.

"ಅದಲ್ಲವ್ವ ನಾ ಹೇಳಿದ್ದು," ಎಂದರು ಅತ್ತೆ ಹಿಂದಿನಿಂದ.

"ಗೊತ್ತೈತೆ ಅತ್ತಿ," ಎಂದೆ. "ಇವತ್ತೊಂದಿನ ಉರೀಲಿ ಬಿಡ್ರಿ."